ಅಥೆನ್ಸ್‌ನಲ್ಲಿ ಸುಖದ ಬಗ್ಗೆ ಒಂದು ನಡಿಗೆ: ಗ್ರೀಕ್ ತತ್ತ್ವದ ಕಾರ್ಯಾಗಾರ ನಡೆಸುವ ಬಗೆ

ಕೆರಮೈಕೋಸ್‌ನಲ್ಲಿರುವ ಹಳೆಯ ಊರಬಾಗಿಲು ಡಿಪೈಲಾನ್ ದ್ವಾರದಿಂದ ಪ್ಲೇಟೋನ ಅಕಾಡೆಮಿ ಇದ್ದ ಜಾಗಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ದ್ವಾರ ದಾಟಿ ಹೊರಟರೆ ಅದೇ ದಾರಿಯ ಪಕ್ಕದಲ್ಲಿ ಎಪಿಕ್ಯೂರಸ್‌ನ ತೋಟವಿತ್ತು. ದ್ವಾರದಿಂದ ಊರೊಳಗೆ ಹತ್ತು ಹನ್ನೆರಡು ನಿಮಿಷ ನಡೆದರೆ ಝೀನೋ ಪಾಠ ಹೇಳುತ್ತಿದ್ದ ಮೊಗಸಾಲೆ. ಅದರ ಎದುರಿಗೇ ಸಾಕ್ರಟೀಸ್ ಹೋಗಿಬರುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ ಅಗೋರಾ. ಸುಖವಾಗಿ ಬಾಳುವುದು ಎಂದರೇನು ಎಂಬ ಒಂದೇ ಪ್ರಶ್ನೆಗೆ ಒಬ್ಬರಿಗೊಬ್ಬರು ಒಪ್ಪದ ಉತ್ತರ ಕೊಟ್ಟ ಇವರೆಲ್ಲ ಒಂದು ಹಗಲಿನ ನಡಿಗೆಯಲ್ಲಿ ಸಿಕ್ಕಿಬಿಡುತ್ತಾರೆ. ಪುಸ್ತಕದಲ್ಲಿ ಓದುವಾಗ ಒಬ್ಬೊಬ್ಬರೂ ಒಂದೊಂದು ಅಧ್ಯಾಯ. ಇಲ್ಲಿ ಅವರು ಅಕ್ಕಪಕ್ಕದ ಮನೆಯವರು.

ಕನ್ನಡ ಬಲ್ಲ ಸಣ್ಣ ಗುಂಪುಗಳೊಂದಿಗೆ ಈ ನಡಿಗೆಯನ್ನು ನಾನು ಕೆಲವು ಸಲ ಮಾಡಿದ್ದೇನೆ. ಅಥೆನ್ಸ್‌ಗೆ ಹೋಗುವ ಗೆಳೆಯರ ಬಳಗ, ಓದುವ ಕೂಟ ಅಥವಾ ಒಂದು ಕುಟುಂಬ ತಾವೇ ಇದನ್ನು ನಡೆಸಿಕೊಳ್ಳಲು ಆಗುವಂತೆ ಕ್ರಮವಾಗಿ ಬರೆಯುತ್ತಿದ್ದೇನೆ. ಒಂದೂವರೆ ದಿನ ಬೇಕು.

ಹೊರಡುವ ಮುನ್ನ

ಏಪ್ರಿಲ್, ಮೇ ಅಥವಾ ಅಕ್ಟೋಬರ್ ಆರಿಸಿಕೊಳ್ಳಿ. ಜುಲೈ, ಆಗಸ್ಟ್ ಬೇಡ. 2023ರ ಜುಲೈನಲ್ಲಿ ಬಿಸಿಗಾಳಿಯಿಂದಾಗಿ ಆಕ್ರೊಪೊಲಿಸನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು. ನನ್ನ ಮೊದಲ ನಡಿಗೆಯೂ ಜುಲೈನದ್ದೇ. ಹನ್ನೊಂದು ಗಂಟೆಯ ಬಿಸಿಲಲ್ಲಿ ಬಂಡೆಯ ಮೇಲೆ ಎಲ್ಲರನ್ನೂ ಕೂರಿಸಿ ನಲವತ್ತು ನಿಮಿಷ ಮಾತಾಡಿದೆ. ಇಬ್ಬರಿಗೆ ತಲೆನೋವು ಬಂತು, ನಾನು ಹೇಳಿದ್ದು ಸಂಜೆಗೆ ಯಾರಿಗೂ ನೆನಪಿರಲಿಲ್ಲ. ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂದು ಜಾಗಕ್ಕೆ ಒಂದೇ ಪ್ರಶ್ನೆ, ನಿಂತು ಹೇಳುವ ಮಾತು ಹತ್ತು ನಿಮಿಷ, ಉಳಿದದ್ದು ನಡೆಯುತ್ತಾ. ಈ ನಿಯಮ ಮುರಿದರೆ ಅದು ಕಾರ್ಯಾಗಾರವಾಗಿ ಉಳಿಯುವುದಿಲ್ಲ, ಬಿಸಿಲಿನಲ್ಲಿ ನಡೆಯುವ ಉಪನ್ಯಾಸವಾಗುತ್ತದೆ.

ಗುಂಪಿನಲ್ಲಿ ಆರರಿಂದ ಹನ್ನೆರಡು ಜನ ಸಾಕು. ಹಣ ಪಡೆದು ನಡೆಸುವುದಾದರೆ ಗಮನಿಸಿ: ಗ್ರೀಸ್‌ನಲ್ಲಿ ಪುರಾತತ್ವ ತಾಣಗಳೊಳಗೆ ವಿವರಣೆ ಕೊಡುವ ಕೆಲಸ ಪರವಾನಗಿ ಇರುವ ಮಾರ್ಗದರ್ಶಿಗಳದ್ದು. ತಾಣದೊಳಗಿನ ಇತಿಹಾಸವನ್ನು ಅಂಥವರೊಬ್ಬರಿಂದ ಹೇಳಿಸಿ, ಪ್ರಶ್ನೆ ಮತ್ತು ಚರ್ಚೆಯನ್ನು ನೀವು ಇಟ್ಟುಕೊಳ್ಳಿ. ಜಾರದ ಅಡಿಯ ಬೂಟು, ನೀರು, ಟೋಪಿ, ಒಬ್ಬೊಬ್ಬರಿಗೂ ನಾಲ್ಕು ಖಾಲಿ ಚೀಟಿ ಮತ್ತು ಪೆನ್ನು ಇರಲಿ. ತಾಣಗಳು ತೆರೆಯುವ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ.

ಓದಿಕೊಂಡು ಬರಲು ಹೆಚ್ಚು ಕೊಡಬೇಡಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಮೊದಲ ಪುಸ್ತಕದಲ್ಲಿ ಸೊಲೊನ್ ಮತ್ತು ಕ್ರೀಸಸ್ ಭೇಟಿಯಾಗುವ ಭಾಗ, ಎಪಿಕ್ಯೂರಸ್ ತನ್ನ ಶಿಷ್ಯ ಮೆನೋಯಿಕಿಯಸ್‌ಗೆ ಬರೆದ ಪತ್ರ, ಅರಿಸ್ಟಾಟಲ್‌ನ ‘ನಿಕೊಮೇಕಿಯನ್ ಎಥಿಕ್ಸ್’ನ ಮೊದಲ ಪುಸ್ತಕ. ಮೂರೂ ಸೇರಿದರೆ ಎರಡು ಸಂಜೆಯ ಓದು.

ಪದದ ವಿಷಯ

ನಡಿಗೆಗೆ ಮೊದಲು ಒಂದು ಪದವನ್ನು ಬಿಡಿಸಿ ಹೇಳಲೇಬೇಕು. ಗ್ರೀಕರು ‘ಯುಡೈಮೋನಿಯಾ’ ಎಂದದ್ದನ್ನು ಇಂಗ್ಲಿಷಿನ ದಾರಿಯಲ್ಲಿ ‘ಸಂತೋಷ’ ಎಂದು ತಂದರೆ ಇಡೀ ದಿನ ಅಡ್ಡದಾರಿ ಹಿಡಿಯುತ್ತದೆ. ಸಂತೋಷ ಬಂದು ಹೋಗುವಂಥದ್ದು. ಯುಡೈಮೋನಿಯಾ ಇಡೀ ಬಾಳಿಗೆ ಹೇಳುವ ಮಾತು. ‘ಯು’ ಎಂದರೆ ಒಳ್ಳೆಯದು, ‘ಡೈಮೋನ್’ ಎಂದರೆ ದೇವರಿಗಿಂತ ಕೆಳಗೆ, ಮನುಷ್ಯರಿಗಿಂತ ಮೇಲೆ ಇರುವ ಶಕ್ತಿ. ನಮ್ಮ ಕರಾವಳಿಯವರು ‘ದೈವ’ ಎಂದಾಗ ಮನಸ್ಸಿಗೆ ಬರುವುದಕ್ಕೆ ಇದು ಹತ್ತಿರ. ದೈವ ಒಲಿದ ಬಾಳು ಎಂದರೆ ಮೂಲಾರ್ಥ ಸಿಗುತ್ತದೆ, ಚೆನ್ನಾಗಿ ಬಾಳುವುದು ಎಂದರೆ ತತ್ತ್ವಜ್ಞಾನಿಗಳ ಅರ್ಥ ಸಿಗುತ್ತದೆ. ‘ನೆಮ್ಮದಿ’ಯನ್ನು ಸದ್ಯಕ್ಕೆ ಎತ್ತಿಡಿ, ಅದು ಎಪಿಕ್ಯೂರಸ್‌ಗೆ ಬೇಕಾಗುತ್ತದೆ.

ಮೊದಲನೆಯ ನಿಲುಗಡೆ: ಅರಿಯೋಪಾಗಸ್ ಬಂಡೆ

ಬೆಳಿಗ್ಗೆ ಏಳೂವರೆಗೆ ಇಲ್ಲಿರಿ. ಪ್ರವೇಶ ಶುಲ್ಕವಿಲ್ಲ. ಎಷ್ಟೋ ಶತಮಾನಗಳ ಕಾಲು ಸವೆಸಿದ ಕಲ್ಲು ಗಾಜಿನಂತೆ ನುಣುಪಾಗಿದೆ. ಕಲ್ಲಿನಲ್ಲೇ ಕಡೆದ ಹಳೆಯ ಮೆಟ್ಟಿಲು ಬಿಟ್ಟು ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ. ಕೆಳಗೆ ಅಗೋರಾ ಪೂರ್ತಿ ಕಾಣುತ್ತದೆ, ಆ ದಿನದ ದಾರಿಯನ್ನು ಬೆರಳಿನಲ್ಲಿ ತೋರಿಸಬಹುದು.

ಇಲ್ಲಿ ಹೇಳಬೇಕಾದ ಕಥೆ ಸೊಲೊನ್‌ನದು. ಕ್ರಿ.ಪೂ. 594ರಲ್ಲಿ ಅಥೆನ್ಸ್‌ನ ಆಡಳಿತ ವಹಿಸಿಕೊಂಡು ಸಾಲದ ಜೀತವನ್ನು ತೆಗೆದುಹಾಕಿದವನು. ಲಿಡಿಯಾದ ದೊರೆ ಕ್ರೀಸಸ್ ತನ್ನ ಖಜಾನೆ ತೋರಿಸಿ, ‘ನೀನು ಕಂಡವರಲ್ಲಿ ಅತ್ಯಂತ ಸುಖಿ ಯಾರು?’ ಎಂದು ಅವನನ್ನು ಕೇಳಿದನಂತೆ. ಸೊಲೊನ್ ಹೇಳಿದ ಹೆಸರು ಟೆಲ್ಲಸ್, ಅಥೆನ್ಸ್‌ನ ಒಬ್ಬ ಸಾಮಾನ್ಯ ಪ್ರಜೆ. ಊರು ಚೆನ್ನಾಗಿತ್ತು, ಮಕ್ಕಳು ಒಳ್ಳೆಯವರು, ಮೊಮ್ಮಕ್ಕಳೆಲ್ಲ ಬದುಕಿದ್ದನ್ನು ಕಂಡ, ಊರಿಗಾಗಿ ಹೋರಾಡುತ್ತಾ ಸತ್ತ, ಬಿದ್ದ ಜಾಗದಲ್ಲೇ ಊರಿನವರು ಗೌರವದಿಂದ ಮಣ್ಣು ಮಾಡಿದರು. ಎರಡನೆಯ ಸ್ಥಾನವೂ ದೊರೆಗೆ ಸಿಗಲಿಲ್ಲ. ಕೊನೆ ನೋಡದೆ ಯಾರನ್ನೂ ಸುಖಿ ಎನ್ನಬೇಡ ಎಂದು ಸೊಲೊನ್ ಹೇಳಿದ. ಇಬ್ಬರ ಕಾಲ ಹೊಂದುವುದಿಲ್ಲವಾದ್ದರಿಂದ ಈ ಭೇಟಿ ನಡೆದಿರಲಾರದು ಎನ್ನುವ ಇತಿಹಾಸಕಾರರಿದ್ದಾರೆ. ಅದನ್ನೂ ಹೇಳಿ, ಅದರಿಂದ ಪ್ರಶ್ನೆಗೆ ಏನೂ ಕಡಿಮೆಯಾಗುವುದಿಲ್ಲ.

ಈಗ ಮೊದಲ ಚೀಟಿ. ನೀವು ಸ್ವತಃ ಬಲ್ಲ ಜನರಲ್ಲಿ ಅತ್ಯಂತ ಸುಖವಾಗಿ ಬಾಳಿದವರು ಅಥವಾ ಬಾಳುತ್ತಿರುವವರು ಯಾರು? ಹೆಸರು ಬರೆದು, ಮಡಿಸಿ, ಜೇಬಿನಲ್ಲಿಡಿ. ಯಾರಿಗೂ ತೋರಿಸಬಾರದು. ಕಾರಣ ಬರೆಯುವುದೂ ಬೇಡ.

ಎರಡನೆಯದು: ಅಗೋರಾ, ಚಮ್ಮಾರ ಸೈಮನ್‌ನ ಅಂಗಡಿ

ಅಗೋರಾ ಎಂದರೆ ಸಂತೆ, ನ್ಯಾಯಾಲಯ, ಪಂಚಾಯಿತಿ ಕಟ್ಟೆ ಎಲ್ಲ ಸೇರಿದ ಜಾಗ. ನೋಡುವುದು ಬಹಳ ಇದೆ, ಆದರೆ ನೀವು ನೇರ ನೈಋತ್ಯ ಮೂಲೆಗೆ ಹೋಗಿ. ಅಲ್ಲಿ ‘ನಾನು ಅಗೋರಾದ ಗಡಿ’ ಎಂದು ಕೆತ್ತಿದ ಗಡಿಕಲ್ಲು ಇದೆ. ಅದಕ್ಕೆ ಒತ್ತಿಕೊಂಡು ಒಂದು ಸಣ್ಣ ಮನೆಯ ಪಾಯ. ಅಗೆದಾಗ ಬೂಟಿನ ಅಡಿಗೆ ಹೊಡೆಯುವ ಕಬ್ಬಿಣದ ಮೊಳೆಗಳೂ ಬೂಟಿನ ದಾರ ಪೋಣಿಸುವ ಮೂಳೆಯ ಸಣ್ಣ ಉಂಗುರಗಳೂ ಸಿಕ್ಕವು. ಒಡೆದ ಬಟ್ಟಲೊಂದರ ಬುಡವೂ ಸಿಕ್ಕಿತು, ಅದರ ಮೇಲೆ ‘ಸೈಮನ್‌ನದು’ ಎಂದು ಗೀಚಿದೆ. ಸೈಮನ್ ಎಂಬ ಚಮ್ಮಾರನ ಅಂಗಡಿಗೆ ಸಾಕ್ರಟೀಸ್ ಬರುತ್ತಿದ್ದ, ಅವನು ಆಡಿದ್ದನ್ನು ಸೈಮನ್ ನೆನಪಿನಿಂದ ಬರೆದಿಡುತ್ತಿದ್ದ ಎಂದು ತತ್ತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೋಜಿನೀಸ್ ಲಾಯೆರ್ಷಿಯಸ್ ಹೇಳಿದ್ದಾನೆ. ಅಥೆನ್ಸ್‌ನ ನಾಯಕ ಪೆರಿಕ್ಲಿಸ್ ಸೈಮನ್‌ನನ್ನು ಸಾಕುತ್ತೇನೆ ಎಂದಾಗ, ಬಾಯಿಬಿಟ್ಟು ಮಾತಾಡುವ ಸ್ವಾತಂತ್ರ್ಯವನ್ನು ಮಾರುವುದಿಲ್ಲ ಎಂದನಂತೆ.

ಆ ಬಟ್ಟಲಿನ ಬುಡ ಅಟ್ಟಾಲಸ್ ಮೊಗಸಾಲೆಯ ವಸ್ತುಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟೇ, ಕಪ್ಪು ಹೊಳಪು, ಅಕ್ಷರಗಳು ಮೊಳೆಯಿಂದಲೇ ಗೀಚಿದಂತಿವೆ. ಅಮೃತಶಿಲೆಯ ವಿಗ್ರಹಗಳಿಗಿಂತ ಇದರ ಮುಂದೆ ನಮ್ಮವರು ಹೆಚ್ಚು ಹೊತ್ತು ನಿಲ್ಲುವುದನ್ನು ಪ್ರತಿ ಸಲ ಕಂಡಿದ್ದೇನೆ. ತತ್ತ್ವಶಾಸ್ತ್ರ ಚರ್ಮದ ವಾಸನೆಯ ನಡುವೆ ನಡೆದಿತ್ತು ಎಂಬುದಕ್ಕೆ ಕೈಗೆಟಕುವ ಸಾಕ್ಷಿ ಅದು. 1950ರ ದಶಕದಲ್ಲಿ ಮತ್ತೆ ಕಟ್ಟಿದ ಈ ಮೊಗಸಾಲೆಯ ನೆರಳಲ್ಲಿ ಒಮ್ಮೆ ಆ ತುದಿಯಿಂದ ಈ ತುದಿಗೆ ನಡೆಯಿರಿ. ಝೀನೋನ ಪಂಥದ ಸ್ಟೋಯಿಕರಿಗೆ ಆ ಹೆಸರು ಏಕೆ ಬಂತೆಂದು ಮುಂದೆ ಹೇಳುವಾಗ ಈ ನೆರಳು ನೆನಪಿಗೆ ಬರುತ್ತದೆ.

ಸಾಕ್ರಟೀಸ್‌ನ ಪ್ರಶ್ನೆಗೆ ಅವನ ಶಿಷ್ಯ ಝೆನೊಫನ್ ಬರೆದಿಟ್ಟ ಸಂಭಾಷಣೆಯನ್ನು ಬಳಸಿ. ಅಗೋರಾದ ಹತ್ತಿರ ಕಡಿವಾಣ ಮಾಡುವವನ ಅಂಗಡಿಯಲ್ಲಿ ಯೂತಿಡೆಮಸ್ ಎಂಬ ಹುಡುಗ ಕೂರುತ್ತಿದ್ದ. ಬಹಳ ಪುಸ್ತಕ ಕೂಡಿಟ್ಟವನು, ಎಲ್ಲ ತಿಳಿದಿದೆ ಎಂದುಕೊಂಡವನು. ಸಾಕ್ರಟೀಸ್ ಒಂದೊಂದೇ ಕೇಳುತ್ತಾ ಹೋಗುತ್ತಾನೆ: ಆರೋಗ್ಯ ಒಳ್ಳೆಯದೇ? ಗಟ್ಟಿಮುಟ್ಟಾಗಿದ್ದವರು ಯುದ್ಧಕ್ಕೆ ಹೋಗಿ ಸತ್ತರು, ಕಾಯಿಲೆಯವರು ಮನೆಯಲ್ಲಿ ಉಳಿದು ಬದುಕಿದರು. ಕೊನೆಗೆ ಹುಡುಗ, ಸುಖವಂತೂ ನಿಸ್ಸಂದೇಹವಾಗಿ ಒಳ್ಳೆಯದು ಎನ್ನುತ್ತಾನೆ. ಹೌದು, ಸಂದೇಹಕ್ಕೆ ಆಸ್ಪದವಿರುವ ಸಾಮಗ್ರಿಯಿಂದ ಅದನ್ನು ಕಟ್ಟದಿದ್ದರೆ, ಎನ್ನುತ್ತಾನೆ ಸಾಕ್ರಟೀಸ್. ರೂಪ, ಬಲ, ಹಣ, ಕೀರ್ತಿ ಎಲ್ಲವೂ ಅಂಥ ಸಾಮಗ್ರಿಗಳೇ.

ಮೂವರು ಮೂವರಾಗಿ ಹದಿನೈದು ನಿಮಿಷ ನಡೆಯಿರಿ. ಒಬ್ಬರು ‘ನನಗೆ ಇಂಥದ್ದು ಇದ್ದರೆ ಬಾಳು ಚೆನ್ನಾಗಿರುತ್ತದೆ’ ಎಂದು ಒಂದನ್ನು ಹೇಳಬೇಕು. ಇನ್ನೊಬ್ಬರು ಬರೀ ಪ್ರಶ್ನೆ ಕೇಳಬಹುದು, ಅಭಿಪ್ರಾಯ ಹೇಳುವಂತಿಲ್ಲ. ಮೂರನೆಯವರು ಪ್ರಶ್ನೆಯ ವೇಷದಲ್ಲಿ ಉಪದೇಶ ನುಸುಳಿದರೆ ತಡೆಯಬೇಕು. ಈ ಮೂರನೆಯ ಕೆಲಸ ಬಹಳ ಕಷ್ಟ. ನಮ್ಮಲ್ಲಿ ಹಿರಿಯರು ಕಿರಿಯರ ಜೊತೆ ಮಾತಾಡುವಾಗ ಪ್ರಶ್ನೆಯೇ ಬುದ್ಧಿವಾದವಾಗಿರುತ್ತದೆ. ಆದ್ದರಿಂದ ತಂದೆ ಮಕ್ಕಳು, ಗಂಡ ಹೆಂಡತಿ ಒಂದೇ ಗುಂಪಿಗೆ ಬೀಳದಂತೆ ನೋಡಿಕೊಳ್ಳಿ.

ಫಿಲೊಪಾಪ್ಪೋಸ್ ಗುಡ್ಡದಲ್ಲಿ ‘ಸಾಕ್ರಟೀಸ್‌ನ ಸೆರೆಮನೆ’ ಎಂದು ತೋರಿಸುವ ಗುಹೆಗಳಿಗೆ ಅಲೆಯಬೇಡಿ. ಅವನನ್ನು ಇಟ್ಟಿದ್ದು ಅಲ್ಲಲ್ಲ.

ಸಂತೆಯಲ್ಲಿ ಒಂದು ಮೌನ

ಅಗೋರಾದಿಂದ ಹೊರಬಂದರೆ ಮೊನಾಸ್ಟಿರಾಕಿಯ ಅಂಗಡಿ ಸಾಲು. ಸಂತೆಯಲ್ಲಿ ಮಾರಾಟಕ್ಕಿಟ್ಟ ರಾಶಿ ನೋಡಿ ‘ನನಗೆ ಬೇಡದ್ದು ಎಷ್ಟೊಂದಿದೆ!’ ಎಂದು ಸಾಕ್ರಟೀಸ್ ಹೇಳಿಕೊಳ್ಳುತ್ತಿದ್ದನಂತೆ. ಹದಿನೈದು ನಿಮಿಷ ಯಾರೂ ಮಾತಾಡದೆ, ಏನೂ ಕೊಳ್ಳದೆ, ಒಬ್ಬೊಬ್ಬರೇ ಈ ಬೀದಿ ಹಾದುಬನ್ನಿ. ಎರಡನೆಯ ಚೀಟಿಯಲ್ಲಿ ಕೈ ಚಾಚಬೇಕೆನಿಸಿದ ವಸ್ತುಗಳನ್ನು ಬರೆದುಕೊಳ್ಳಿ. ಈ ಪಟ್ಟಿ ಊಟದ ಹೊತ್ತಿಗೆ ಬೇಕು.

ಝೀನೋನ ಮೊಗಸಾಲೆ

ಆಡ್ರಿಯಾನೂ ಬೀದಿಯ ಉತ್ತರ ಬದಿಯಲ್ಲಿ ರಸ್ತೆಯ ಮಟ್ಟಕ್ಕಿಂತ ಕೆಳಗೆ ಒಂದು ಅಗೆತ ಇದೆ. ಪಕ್ಕದಲ್ಲಿ ಹೋಟೆಲುಗಳ ಮೇಜು ಕುರ್ಚಿ, ಬೆನ್ನ ಹಿಂದೆ ಪಿರೇಯಸ್ ಕಡೆಗಿನ ರೈಲು ಹಳಿ. 1980ರ ದಶಕದಲ್ಲಿ ಬೆಳಕಿಗೆ ಬಂದ ಈ ಮೆಟ್ಟಿಲುಗಳು ‘ಚಿತ್ರ ಮೊಗಸಾಲೆ’ಯವು. ಗ್ರೀಕ್‌ನಲ್ಲಿ ಸ್ಟೋವಾ ಪೊಯಿಕಿಲೆ. ಮಾರಾಥಾನ್ ಯುದ್ಧದ ಚಿತ್ರಗಳಿದ್ದುದರಿಂದ ಆ ಹೆಸರು. ಕಟ್ಟಡದ ಒಂದು ಭಾಗವಷ್ಟೇ ಕಾಣುತ್ತದೆ, ಉಳಿದದ್ದು ಇನ್ನೂ ಮನೆಗಳ ಅಡಿಯಲ್ಲಿದೆ.

ಸೈಪ್ರಸ್‌ನ ಕಿಟಿಯನ್‌ನಿಂದ ಬಂದ ವರ್ತಕ ಝೀನೋ ಹಡಗೊಡೆದು ಸರಕೆಲ್ಲ ಕಳೆದುಕೊಂಡು ಅಥೆನ್ಸ್ ಸೇರಿದ. ಒಂದು ಪುಸ್ತಕದಂಗಡಿಯಲ್ಲಿ ಕೂತಿದ್ದಾಗ ಅಂಗಡಿಯವನು ಓದುತ್ತಿದ್ದುದು ಝೆನೊಫನ್ ಬರೆದ ಸಾಕ್ರಟೀಸ್ ಸ್ಮೃತಿ, ನೀವು ಈಗಷ್ಟೇ ಬಳಸಿದ ಅದೇ ಪುಸ್ತಕ. ಇಂಥವರು ಎಲ್ಲಿ ಸಿಗುತ್ತಾರೆ ಎಂದು ಝೀನೋ ಕೇಳಿದ. ಆ ಹೊತ್ತಿಗೆ ಆಸ್ತಿಪಾಸ್ತಿ ತೊರೆದು ಬಾಳುವ ಸಿನಿಕ ಪಂಥದ ಕ್ರೇಟಿಸ್ ಬೀದಿಯಲ್ಲಿ ಹೋಗುತ್ತಿದ್ದ. ‘ಅವನ ಹಿಂದೆ ಹೋಗು’ ಎಂದ ಅಂಗಡಿಯವನು. ಝೀನೋ ಎದ್ದು ಹೋದ. ಮುಂದೆ ಸ್ವಂತ ಶಾಲೆ ತೆರೆಯಲು ಅವನು ಕಟ್ಟಡ ಕೊಳ್ಳಲಿಲ್ಲ. ಎಲ್ಲರೂ ಓಡಾಡುವ ಈ ಮೊಗಸಾಲೆಯಲ್ಲೇ ಅತ್ತಿತ್ತ ನಡೆಯುತ್ತಾ ಪಾಠ ಹೇಳಿದ. ಮೊಗಸಾಲೆಗೆ ಗ್ರೀಕರು ಹೇಳುವ ‘ಸ್ಟೋವಾ’ದಿಂದಲೇ ಅವನ ಪಂಥದವರಿಗೆ ಸ್ಟೋಯಿಕರು ಎಂಬ ಹೆಸರು ಬಂತು.

ಚೆನ್ನಾಗಿ ಬಾಳಲು ಸದ್ಗುಣವೊಂದೇ ಸಾಕು, ಆರೋಗ್ಯವೂ ಹಣವೂ ಇದ್ದರೆ ಒಳ್ಳೆಯದೇ ಹೊರತು ಬಾಳು ಅದರ ಮೇಲೆ ನಿಂತಿಲ್ಲ ಎಂಬುದು ಸ್ಟೋಯಿಕರ ಮಾತು. ಸುಮಾರು ನಾಲ್ಕು ಶತಮಾನಗಳ ನಂತರ ಗುಲಾಮನಾಗಿ ಬದುಕು ಶುರುಮಾಡಿದ ಎಪಿಕ್ಟೀಟಸ್ ಇದನ್ನು ಕೈಗೆ ಸಿಗುವಂತೆ ಹೇಳಿದ: ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಅಭಿಪ್ರಾಯ, ಬಯಕೆ, ನಿರಾಕರಣೆ ನಮ್ಮವು. ದೇಹ, ಆಸ್ತಿ, ಹೆಸರು, ಹುದ್ದೆ ನಮ್ಮವಲ್ಲ. ‘ಅದು ನಮ್ಮ ಕೈಯಲ್ಲಿಲ್ಲ ಬಿಡಿ’ ಎಂದು ನಾವು ದಿನಕ್ಕೆ ಹತ್ತು ಸಲ ಅನ್ನುವುದರಿಂದ ಇದು ಸುಲಭ ಅನಿಸುತ್ತದೆ. ನಮ್ಮ ಮಾತು ಅಲ್ಲಿಗೆ ನಿಲ್ಲುತ್ತದೆ. ಅವನದು ಅಲ್ಲಿಂದ ಶುರುವಾಗುತ್ತದೆ: ಹಾಗಾದರೆ ಕೈಯಲ್ಲಿ ಇರುವುದು ಏನು, ಅದನ್ನು ಇವತ್ತು ಹೇಗೆ ಬಳಸಿದೆ?

ಇಬ್ಬಿಬ್ಬರಾಗಿ ಕೆರಮೈಕೋಸ್ ಕಡೆಗೆ ಹೊರಡಿ. ಒಬ್ಬರು ತಮ್ಮ ಒಂದು ಚಿಂತೆ ಹೇಳಲಿ. ಇನ್ನೊಬ್ಬರು ಸಮಾಧಾನ ಹೇಳದೆ, ಅದರಲ್ಲಿ ಕೈಯಲ್ಲಿರುವ ಒಂದು ಎಳೆಯನ್ನು ಮಾತ್ರ ಹುಡುಕಿಕೊಡಲಿ. ದೊಡ್ಡ ದುಃಖ ಹೊತ್ತವರು ಗುಂಪಿನಲ್ಲಿದ್ದರೆ ಅವರಿಗೆ ಈ ಅಭ್ಯಾಸದಿಂದ ರಿಯಾಯಿತಿ ಕೊಡಿ. ಆಗಷ್ಟೇ ಹತ್ತಿರದವರನ್ನು ಕಳೆದುಕೊಂಡವರಿಗೆ ವಿಂಗಡಣೆ ಬೇಕಿಲ್ಲ, ಪಕ್ಕದಲ್ಲಿ ನಡೆಯುವವರಿದ್ದರೆ ಸಾಕು.

ಊಟ: ಎಪಿಕ್ಯೂರಸ್‌ನ ಪಾಲು

ಕೆರಮೈಕೋಸ್ ಹಳೆಯ ಸ್ಮಶಾನ. ಗೋರಿಗಲ್ಲುಗಳ ನಡುವೆ ಆಮೆಗಳು ಓಡಾಡುತ್ತವೆ, ಎರಿಡಾನೋಸ್ ತೊರೆ ಹರಿಯುತ್ತದೆ. ‘ನಾವಿದ್ದಾಗ ಸಾವಿಲ್ಲ, ಸಾವಿದ್ದಾಗ ನಾವಿಲ್ಲ’ ಎಂಬ ಎಪಿಕ್ಯೂರಸ್‌ನ ಮಾತನ್ನು ಇಲ್ಲಿ ಓದಿ, ಚರ್ಚೆ ಮಾಡಬೇಡಿ. ಹೊರಗೆ ಬಂದು, ಹತ್ತಿರದ ಮರದ ನೆರಳಲ್ಲಿ ಊಟಕ್ಕೆ ಕೂರಿ.

ಊಟವೇ ಇಲ್ಲಿ ಪಾಠ. ಬಾರ್ಲಿಯ ಒಣ ರೊಟ್ಟಿ (ಅಲ್ಲಿ ಪಾಕ್ಸಿಮಾಡಿ ಎನ್ನುತ್ತಾರೆ), ಆಲಿವ್, ನೀರು, ಒಂದು ಡಬ್ಬಿ ಫೆಟಾ ಚೀಸ್. ಇಷ್ಟೇ. ಎಪಿಕ್ಯೂರಸ್ ಗೆಳೆಯನಿಗೆ ಬರೆದ ಒಂದು ಪತ್ರದಲ್ಲಿ, ‘ಒಂದು ಸಣ್ಣ ಮಡಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬ ಮಾಡುತ್ತೇನೆ’ ಎಂದಿದ್ದಾನೆ. ಭೋಗದ ಗುರು ಎಂದು ಹೆಸರು ಕೆಡಿಸಿಕೊಂಡವನ ಹಬ್ಬ ಇದು. ರೊಟ್ಟಿಯನ್ನು ಮೊದಲು ಬರಿದೇ ತಿನ್ನಿ, ಗಟ್ಟಿಯಾಗಿರುತ್ತದೆ, ನೀರಿನಲ್ಲಿ ಅದ್ದಬೇಕು. ಐದು ನಿಮಿಷದ ನಂತರ ಚೀಸ್ ಡಬ್ಬಿ ತೆರೆಯಿರಿ. ಆ ಮೊದಲ ತುಣುಕು ಬಾಯಿಗೆ ಹೋದಾಗ ಜನರ ಮುಖ ನೋಡಿ, ವಿವರಣೆ ಬೇಕಾಗುವುದಿಲ್ಲ.

ಆಮೇಲೆ ಸಂತೆಯ ಪಟ್ಟಿ ತೆಗೆಯಿರಿ. ಬಯಕೆಗಳನ್ನು ಅವನು ಮೂರು ಮಾಡಿದ: ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಎರಡೂ ಅಲ್ಲದವು. ಹಸಿವು, ಬಾಯಾರಿಕೆಗೆ ಮಿತಿ ಇದೆ, ತುಂಬಿದರೆ ನಿಲ್ಲುತ್ತವೆ. ಕೀರ್ತಿಗೂ ಸಂಪತ್ತಿಗೂ ಮಿತಿ ಇಲ್ಲ. ಒಬ್ಬೊಬ್ಬರೂ ತಮ್ಮ ಪಟ್ಟಿ ವಿಂಗಡಿಸಲಿ. ಮಿತಿ ಇರುವ ಬಯಕೆ ತೀರಿದ ಮೇಲೆ ಉಳಿಯುವ ಸ್ಥಿತಿಯೇ ‘ಅಟರಾಕ್ಸಿಯಾ’. ಎತ್ತಿಟ್ಟಿದ್ದ ‘ನೆಮ್ಮದಿ’ಯನ್ನು ಇಲ್ಲಿ ಬಳಸಿ, ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ.

ಅವನ ತೋಟಕ್ಕೆ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿತ್ತು. ಅಥೆನ್ಸ್‌ನ ಸುಖದ ಚರ್ಚೆಯ ಬಹುಪಾಲು ಅವರನ್ನು ಹೊರಗಿಟ್ಟೇ ನಡೆದಿತ್ತು ಎಂಬುದನ್ನು ಮುಚ್ಚಿಡದೆ ಹೇಳಲು ಇದು ಸರಿಯಾದ ಜಾಗ. ಕ್ರಿ.ಪೂ. 270ರ ಸುಮಾರಿಗೆ, ಮೂತ್ರಕೋಶದ ಅಸಹನೀಯ ನೋವಿನಲ್ಲಿ ಸಾಯುವ ದಿನ ಅವನು ಬರೆದ ಪತ್ರವನ್ನೂ ಓದಿ: ಈ ನೋವಿಗೆಲ್ಲ ಎದುರಾಗಿ, ನಾವು ಆಡಿದ ಮಾತುಗಳ ನೆನಪಿನ ಆನಂದವನ್ನು ಇಟ್ಟುಕೊಂಡಿದ್ದೇನೆ ಎನ್ನುತ್ತಾನೆ.

ಅಕಾಡೆಮಿಯ ದಾರಿ

ಕ್ರಿ.ಪೂ. 79ರಲ್ಲಿ ಮುಂದೆ ರೋಮ್‌ನ ಹೆಸರಾಂತ ವಾಗ್ಮಿಯಾದ ಯುವಕ ಸಿಸೆರೋ ಗೆಳೆಯರೊಂದಿಗೆ ಡಿಪೈಲಾನ್‌ನಿಂದ ಅಕಾಡೆಮಿಗೆ ನಡೆದುಹೋದ. ಮಧ್ಯಾಹ್ನದ ಮೇಲೆ ಅಲ್ಲಿ ಜನವಿರುವುದಿಲ್ಲ ಎಂದೇ ಆ ಹೊತ್ತು ಆರಿಸಿಕೊಂಡಿದ್ದರು. ದೊಡ್ಡವರ ಕಥೆ ಕೇಳುವುದಕ್ಕಿಂತ ಅವರಿದ್ದ ಜಾಗ ನೋಡಿದರೆ ಮನಸ್ಸು ಏಕೆ ಹೆಚ್ಚು ಕಲಕುತ್ತದೆ ಎಂಬ ಮಾತು ಅವರೊಳಗೆ ನಡೆಯಿತು. ನಾವು ಮಾಡುತ್ತಿರುವುದಕ್ಕೂ ಎರಡು ಸಾವಿರ ವರ್ಷದ ಮೇಲ್ಪಂಕ್ತಿ ಇದೆ.

ಈಗ ಆ ದಾರಿಯಲ್ಲಿ ಗ್ಯಾರೇಜು, ಹಳೆಯ ಅಪಾರ್ಟ್‌ಮೆಂಟುಗಳು, ದೊಡ್ಡ ರಸ್ತೆ. ಸುಂದರವಲ್ಲ. ಗುಂಪು ದಣಿದಿರುತ್ತದೆ, ಮಾತು ಕಡಿಮೆ ಮಾಡಿ. ಕೊನೆಗೆ ಸಿಗುವುದು ಮರಗಳ ಒಂದು ಉದ್ಯಾನ, ಹುಲ್ಲಿನ ನಡುವೆ ಮೊಣಕಾಲೆತ್ತರದ ಗೋಡೆಗಳು. ಮಕ್ಕಳು ಆಡುತ್ತಿರುತ್ತಾರೆ, ಟಿಕೆಟ್ಟಿಲ್ಲ. ಕ್ರಿ.ಪೂ. 387ರ ಸುಮಾರಿಗೆ ಪ್ಲೇಟೋ ಶಾಲೆ ಶುರು ಮಾಡಿದ್ದು ಇಲ್ಲೇ.

ಪ್ಲೇಟೋಗೆ ಸುಖವೆಂದರೆ ಒಳಗಿನ ಹೊಂದಾಣಿಕೆ. ‘ಫೀಡ್ರಸ್’ ಸಂವಾದದಲ್ಲಿ ಅವನು ಸಾರಥಿಯನ್ನೂ ಎರಡು ಕುದುರೆಗಳನ್ನೂ ಚಿತ್ರಿಸಿದ್ದಾನೆ, ಒಂದು ಮಾತು ಕೇಳುವ ಬಿಳಿ ಕುದುರೆ, ಇನ್ನೊಂದು ಮೊಂಡು ಕಪ್ಪು ಕುದುರೆ. ನಮ್ಮವರಲ್ಲಿ ಯಾರಾದರೂ ತಕ್ಷಣ ಕಠೋಪನಿಷತ್ತಿನ ರಥವನ್ನು ನೆನಪಿಸುತ್ತಾರೆ. ನೆನಪಿಸಲಿ, ಆದರೆ ಎರಡೂ ಒಂದೇ ಎಂದು ಮುಗಿಸಲು ಬಿಡಬೇಡಿ. ಅಲ್ಲಿ ಕುದುರೆಗಳು ಇಂದ್ರಿಯಗಳು, ರಥದಲ್ಲಿ ಕೂತ ಆತ್ಮ ಬೇರೆ, ಬುದ್ಧಿಯೆಂಬ ಸಾರಥಿ ಬೇರೆ. ಇಲ್ಲಿ ಕುದುರೆಗಳೂ ಸಾರಥಿಯೂ ಸೇರಿಯೇ ಆತ್ಮ. ಎಲ್ಲಿ ಬೇರೆಯಾಗುತ್ತವೆ ಎಂದು ಕೇಳಿದರೆ ಚರ್ಚೆ ಜೀವ ಪಡೆಯುತ್ತದೆ. ಮೂರನೆಯ ಚೀಟಿಯಲ್ಲಿ ಒಂದು ಸಾಲು: ಇವತ್ತು ನನ್ನೊಳಗೆ ಲಗಾಮು ಯಾರ ಕೈಯಲ್ಲಿತ್ತು? ಅಲ್ಲಿಗೆ ಮೊದಲ ದಿನ ಮುಗಿಸಿ.

ಮರುದಿನ: ಲೈಸಿಯಂ

ಕಾಲದ ಲೆಕ್ಕದಲ್ಲಿ ಅರಿಸ್ಟಾಟಲ್ ಎಪಿಕ್ಯೂರಸ್‌ಗೂ ಝೀನೋಗೂ ಹಿಂದಿನವನು. ಆದರೂ ನಾನು ಅವನನ್ನು ಕೊನೆಗೆ ಇಡುತ್ತೇನೆ. ಸೊಲೊನ್‌ನ ಮಾತಿಗೆ ನೇರ ಉತ್ತರ ಕೊಡಲು ಕೂತವನು ಅವನು.

ಎವಾಂಗೆಲಿಸ್ಮೋಸ್ ಮೆಟ್ರೋ ನಿಲ್ದಾಣದಿಂದ ಕೆಲವೇ ನಿಮಿಷದಲ್ಲಿ ರಿಗಿಲಿಸ್ ಬೀದಿ. 1996ರಲ್ಲಿ ಹೊಸ ವಸ್ತುಸಂಗ್ರಹಾಲಯಕ್ಕೆ ಪಾಯ ತೆಗೆಯಲು ಹೋದಾಗ ಇಲ್ಲಿ ಲೈಸಿಯಂನ ಗರಡಿಮನೆ ಸಿಕ್ಕಿತು, 2014ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸ್ಟಾಗಿರಾದಿಂದ ಬಂದ ಅರಿಸ್ಟಾಟಲ್‌ಗೆ ಪರಊರಿನವನೆಂದು ಅಥೆನ್ಸ್‌ನಲ್ಲಿ ನೆಲ ಕೊಳ್ಳುವ ಹಕ್ಕಿರಲಿಲ್ಲ. ಹುಡುಗರು ಕುಸ್ತಿಯಾಡುವ ಈ ಸಾರ್ವಜನಿಕ ವ್ಯಾಯಾಮಶಾಲೆಯಲ್ಲೇ ಕ್ರಿ.ಪೂ. 335ರಿಂದ ಪಾಠ ನಡೆಸಿದ.

ಗರಡಿಯ ಪಾಯದ ಪಕ್ಕ ನಿಂತು ಅವನ ಈ ಮಾತು ಹೇಳಿ: ಒಲಿಂಪಿಕ್ಸ್‌ನಲ್ಲಿ ಕಿರೀಟ ಸಿಗುವುದು ಎಲ್ಲರಿಗಿಂತ ಬಲಶಾಲಿಗಲ್ಲ, ಕಣಕ್ಕಿಳಿದವರಿಗೆ, ಗೆಲ್ಲುವವರು ಅವರಲ್ಲೇ ಇರುತ್ತಾರೆ. ಗುಣ ಒಳಗಿದ್ದು ನಿದ್ದೆ ಮಾಡುತ್ತಿದ್ದರೆ ಆ ಬಾಳು ಸುಖದ್ದಲ್ಲ. ಯುಡೈಮೋನಿಯಾ ಮಾಡುವಂಥದ್ದು, ಅದೂ ಒಂದು ದಿನ ಅಲ್ಲ. ಒಂದು ಬಾನಕ್ಕಿ ಬಂದರೆ ವಸಂತ ಬಂದಂತಲ್ಲ ಎಂದದ್ದು ಅವನೇ. ಸ್ಟೋಯಿಕರು ಒಪ್ಪದ ಒಂದು ಮಾತನ್ನೂ ಅವನು ಹೇಳಿದ: ಗೆಳೆಯರು, ಒಂದಿಷ್ಟು ಅನುಕೂಲ, ಸ್ವಲ್ಪ ಅದೃಷ್ಟವೂ ಬೇಕು. ಪುಸ್ತಕದ ಹತ್ತು ಭಾಗಗಳಲ್ಲಿ ಎರಡನ್ನು ಪೂರ್ತಿ ಗೆಳೆತನಕ್ಕೆ ಕೊಟ್ಟಿದ್ದಾನೆ. ಜೊತೆಯಲ್ಲಿ ಸಾಕಷ್ಟು ಉಪ್ಪು ತಿನ್ನುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನೂ ಅಲ್ಲಿ ನೆನೆದಿದ್ದಾನೆ. ನಮ್ಮಲ್ಲಿ ಉಪ್ಪು ಋಣದ ಮಾತು, ಅವರಲ್ಲಿ ಕಾಲದ ಮಾತು. ನಿನ್ನೆ ಒಟ್ಟಿಗೆ ಚೀಸ್ ತಿಂದವರಿಗೆ ಇದು ಬೇಗ ತಟ್ಟುತ್ತದೆ.

ಸತ್ತ ಮೇಲಷ್ಟೇ ಸುಖಿ ಎನ್ನಬೇಕೆಂದರೆ ಅದು ವಿಚಿತ್ರವಲ್ಲವೇ ಎಂದು ಅವನು ಸೊಲೊನ್‌ನನ್ನು ಪ್ರಶ್ನಿಸುತ್ತಾನೆ. ದುರದೃಷ್ಟ ಬಂದಾಗಲೂ ಒಳ್ಳೆಯ ಚಮ್ಮಾರ ಕೈಗೆ ಬಂದ ಚರ್ಮದಲ್ಲೇ ಅತ್ಯುತ್ತಮ ಜೋಡು ಹೊಲಿಯುತ್ತಾನೆ, ಒಳ್ಳೆಯವನ ಬಾಳೂ ಹಾಗೆ ಎನ್ನುತ್ತಾನೆ. ಸೈಮನ್‌ನ ಮೊಳೆಗಳನ್ನು ಕಂಡು ಬಂದವರಿಗೆ ಈ ಹೋಲಿಕೆ ಬರೀ ಹೋಲಿಕೆಯಾಗಿ ಕೇಳಿಸುವುದಿಲ್ಲ.

ಈಗ ಮೊದಲ ಚೀಟಿ ತೆಗೆಯಿರಿ. ಗರಡಿಯ ಸುತ್ತ ಒಂದು ಸುತ್ತು ಒಬ್ಬೊಬ್ಬರೇ ನಡೆದು ಬನ್ನಿ. ಹೆಸರು ಹಾಗೇ ಇರಬೇಕೋ ಬದಲಾಗಬೇಕೋ ಎಂದು ಯೋಚಿಸಿ, ನಾಲ್ಕನೆಯ ಚೀಟಿಯಲ್ಲಿ ಬರೆಯಿರಿ. ಬೇಕೆನಿಸಿದವರು ಗಟ್ಟಿಯಾಗಿ ಓದಬಹುದು, ಒತ್ತಾಯ ಮಾಡಬಾರದು. ಒಮ್ಮೆ ಒಬ್ಬ ಹಿರಿಯರು ಎರಡೂ ಚೀಟಿ ಪಕ್ಕಪಕ್ಕ ಹಿಡಿದರು. ಮೊದಲನೆಯದರಲ್ಲಿ ಬೆಂಗಳೂರಿನಲ್ಲಿ ಮೂರು ಮನೆ ಕಟ್ಟಿಸಿದ ಸಹೋದ್ಯೋಗಿಯ ಹೆಸರಿತ್ತು. ಎರಡನೆಯದರಲ್ಲಿ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಬಿಸಿಲು ಮಳೆ ಎನ್ನದೆ ಸೈಕಲ್ ತುಳಿದು ಬರುತ್ತಿದ್ದ ಮೇಷ್ಟರ ಹೆಸರು. ಅವರು ಇನ್ನೂ ಇದ್ದಾರೆ, ಎಂಬತ್ತಾರು ವರ್ಷ, ಎಂದರು. ಸಂಜೆ ಹೋಟೆಲಿನಿಂದ ಅವರಿಗೆ ಫೋನ್ ಮಾಡಿದರು.